ಮಗುವಿನ ಜ್ವರ ಮತ್ತು ಕಳೆದುಹೋಗುವ ಮೂರು ದಿನ

ಜೂನ್ ಬಂತೆಂದರೆ ಕರಾವಳಿಯಲ್ಲಿ ಮಳೆಯ ಜೊತೆಗೆ ಇನ್ನೊಂದು ಕಾರ್ಯಕ್ರಮವೂ ಶುರುವಾಗ್ತದೆ. ದೇಶದಾದ್ಯಂತ ಈ ತಿಂಗಳನ್ನು ಮಲೇರಿಯಾ ವಿರೋಧಿ ಮಾಸವಾಗಿ ಆಚರಿಸಲಾಗುತ್ತದೆ. ಬ್ಯಾನರ್ ಕಟ್ಟುತ್ತಾರೆ, ಶಾಲಾ ಮಕ್ಕಳ ಜಾಥಾ ಹೋಗ್ತದೆ, ಫಾಗಿಂಗ್ ಯಂತ್ರ ಹೊಗೆ ಬಿಡ್ತದೆ, ಮರುದಿನ ಪತ್ರಿಕೆಯಲ್ಲಿ ಒಂದು ಫೋಟೊ ಬರ್ತದೆ. ನೀರು ನಿಲ್ಲಲು ಬಿಡಬೇಡಿ, ಸೊಳ್ಳೆ ಪರದೆ ಬಳಸಿ ಎಂಬ ಮಾತು ಎಲ್ಲರಿಗೂ ಬಾಯಿಪಾಠವಾಗಿದೆ. ಇದೆಲ್ಲ ಬೇಕಾದದ್ದೇ. ಆದರೆ ಈ ಗಲಾಟೆಯ ಮಧ್ಯೆ ಒಂದು ಸಣ್ಣ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಒಂದು ಮಗುವಿಗೆ ಜ್ವರ ಬಂದ ಗಂಟೆಯಿಂದ, ಅದರ ಬೆರಳಿಗೆ ರಕ್ತಪರೀಕ್ಷೆಯ ಸೂಜಿ ಚುಚ್ಚುವ ಗಂಟೆಯವರೆಗೆ ಎಷ್ಟು ಸಮಯ ಹೋಗ್ತದೆ?

2027ರ ಹೊತ್ತಿಗೆ ಸ್ಥಳೀಯವಾಗಿ ಹರಡುವ ಮಲೇರಿಯಾವನ್ನು ಸೊನ್ನೆಗೆ ತರಬೇಕು, 2030ಕ್ಕೆ ದೇಶವನ್ನು ಮಲೇರಿಯಾಮುಕ್ತ ಎಂದು ಘೋಷಿಸಬೇಕು ಎಂಬುದು ಭಾರತ ಸರ್ಕಾರ ಇಟ್ಟುಕೊಂಡ ಗುರಿ. ಅಂಕಿಅಂಶ ನೋಡಿದರೆ ಇದು ಬರೀ ಮಾತಲ್ಲ. 2015ರಲ್ಲಿ ದೇಶದಲ್ಲಿ 11.69 ಲಕ್ಷ ಪ್ರಕರಣಗಳು ದಾಖಲಾಗಿದ್ದರೆ, 2023ರಲ್ಲಿ ಅದು 2.27 ಲಕ್ಷಕ್ಕೆ ಇಳಿಯಿತು. ದಾಖಲಾದ ಸಾವು 384ರಿಂದ 83ಕ್ಕೆ ಬಂತು. ಮಲೇರಿಯಾದ ಹೊರೆ ಅತಿ ಹೆಚ್ಚಿರುವ ದೇಶಗಳ ಗುಂಪಿನಿಂದ 2024ರಲ್ಲಿ ಭಾರತ ಹೊರಬಂತು. ಇಷ್ಟು ಇಳಿದ ಮೇಲೆ ಉಳಿದದ್ದನ್ನು ಇಳಿಸುವುದೇ ಕಷ್ಟದ ಕೆಲಸ. ಯಾಕೆಂದರೆ ಉಳಿದ ಪ್ರಕರಣಗಳು ಫಾಗಿಂಗ್ ಯಂತ್ರಕ್ಕೆ ಸಿಗುವಂಥದ್ದಲ್ಲ. ಅವು ಮನೆಯೊಳಗೆ, ಶೆಡ್ಡಿನೊಳಗೆ, ‘ನಾಳೆ ನೋಡುವ’ ಎಂಬ ಮಾತಿನ ಹಿಂದೆ ಕೂತಿರ್ತವೆ.

ಒಂದು ದಿನದ ಬೆಲೆ

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ 2023ರಲ್ಲಿ ಜಗತ್ತಿನಲ್ಲಿ 26.3 ಕೋಟಿ ಜನರಿಗೆ ಮಲೇರಿಯಾ ಬಂತು, 5.97 ಲಕ್ಷ ಜನ ಸತ್ತರು. ಸಾವಿನಲ್ಲಿ ಶೇ. 95ರಷ್ಟು ಆಫ್ರಿಕಾ ವಲಯದ್ದು. ಅಲ್ಲಿ ಸತ್ತವರಲ್ಲಿ ನಾಲ್ಕರಲ್ಲಿ ಮೂರು ಮಂದಿ ಐದು ವರ್ಷದೊಳಗಿನ ಮಕ್ಕಳು. ಲೆಕ್ಕ ಹಾಕಿದರೆ ದಿನಕ್ಕೆ ಸಾವಿರಕ್ಕೂ ಹೆಚ್ಚು ಮಕ್ಕಳಾಯಿತು. ಈ ರೋಗಕ್ಕೆ ಮದ್ದು ಉಂಟು, ಮದ್ದು ದುಬಾರಿಯೂ ಅಲ್ಲ. ಮತ್ತೆ ಮಕ್ಕಳು ಸಾಯುವುದು ಯಾಕೆ? ಬಹುಪಾಲು ಕಡೆ ಉತ್ತರ ಒಂದೇ: ಮದ್ದು ತಡವಾಗಿ ಸಿಕ್ಕಿತು.

2000ದ ಏಪ್ರಿಲ್ 25ರಂದು ಆಫ್ರಿಕಾದ ರಾಷ್ಟ್ರ ನಾಯಕರು ನೈಜೀರಿಯಾದ ಅಬುಜಾದಲ್ಲಿ ಸೇರಿ ಒಂದು ಘೋಷಣೆಗೆ ಸಹಿ ಹಾಕಿದರು. ರೋಗಲಕ್ಷಣ ಕಂಡ 24 ಗಂಟೆಯೊಳಗೆ ಸರಿಯಾದ ಚಿಕಿತ್ಸೆ ಸಿಗಬೇಕು ಎಂಬುದು ಅದರ ಮುಖ್ಯ ಮಾತುಗಳಲ್ಲಿ ಒಂದು. ಇವತ್ತು ನಾವು ಏಪ್ರಿಲ್ 25ನ್ನು ವಿಶ್ವ ಮಲೇರಿಯಾ ದಿನ ಎಂದು ಆಚರಿಸುವುದು ಅದೇ ನೆನಪಿಗೆ.

24 ಗಂಟೆ ಯಾಕೆ? ಮಲೇರಿಯಾದ ಪರಾವಲಂಬಿ ಕೆಂಪು ರಕ್ತಕಣದೊಳಗೆ ಹೊಕ್ಕು ಸುಮಾರು 48 ಗಂಟೆಯಲ್ಲಿ ಬೆಳೆದು, ಆ ಕಣವನ್ನು ಒಡೆದು ಹೊರಬರ್ತದೆ. ಒಂದು ಇದ್ದದ್ದು ಹತ್ತಾರು ಆಗಿ ಹೊಸ ಕಣಗಳನ್ನು ಹಿಡೀತದೆ. ಇದು ಚಕ್ರಬಡ್ಡಿಯ ಲೆಕ್ಕ. ದೊಡ್ಡವರ ಶರೀರಕ್ಕೆ ತಡೆದುಕೊಳ್ಳುವ ತಾಕತ್ತು ಸ್ವಲ್ಪ ಇರ್ತದೆ. ಎರಡು ವರ್ಷದ ಮಗುವಿಗೆ ಅದಿಲ್ಲ. ಬಹಳ ಬೇಗ ರಕ್ತಹೀನತೆ ಆಗ್ತದೆ, ರಕ್ತದ ಸಕ್ಕರೆ ಇಳೀತದೆ, ಉಸಿರು ಕಷ್ಟವಾಗ್ತದೆ. ಫಾಲ್ಸಿಪಾರಂ ಎಂಬ ಜಾತಿಯ ಮಲೇರಿಯಾ ಆದರೆ ಮೆದುಳಿಗೂ ಏರ್ತದೆ. ಅದು ಸಾಧಾರಣ ಜ್ವರದಿಂದ ಗಂಭೀರ ಸ್ಥಿತಿಗೆ ಹೋಗಲು ಒಂದು ದಿನ ಸಾಕು.

ನಮ್ಮ ಕರಾವಳಿಯಲ್ಲಿ ಹೆಚ್ಚಾಗಿ ಕಾಣುವುದು ವೈವಾಕ್ಸ್ ಜಾತಿ. ‘ಅದು ಸಾಧುವಾದದ್ದು, ಎರಡು ದಿನ ನಡುಗಿಸಿ ಬಿಡ್ತದೆ’ ಎಂಬ ಮಾತು ಇಲ್ಲಿ ಚಾಲ್ತಿಯಲ್ಲಿ ಉಂಟು. ಸಣ್ಣ ಮಕ್ಕಳ ವಿಷಯದಲ್ಲಿ ಈ ಮಾತು ನಂಬುವಂಥದ್ದಲ್ಲ. ವೈವಾಕ್ಸ್ ಕೂಡ ಮಗುವಿನ ರಕ್ತ ಇಳಿಸ್ತದೆ, ಕೆಲವೊಮ್ಮೆ ಗಂಭೀರವೂ ಆಗ್ತದೆ. ಅದರ ಇನ್ನೊಂದು ಬುದ್ಧಿ ಏನೆಂದರೆ, ಯಕೃತ್ತಿನಲ್ಲಿ ಅಡಗಿ ಕೂತು ವಾರ, ತಿಂಗಳುಗಳ ನಂತರ ಮತ್ತೆ ಎದ್ದು ಬರುವುದು.

ಮೊದಲ ದಿನ ಹೋಗುವುದು ಮನೆಯೊಳಗೆ

ಚಿಕಿತ್ಸೆ ತಡವಾದಾಗ ಎಲ್ಲರೂ ಮೊದಲು ಬೆರಳು ತೋರಿಸುವುದು ಮಗುವಿನ ಉಮ್ಮನ ಕಡೆಗೆ. ‘ಗಮನಿಸಲಿಲ್ಲ, ಅಸಡ್ಡೆ ಮಾಡಿದಳು’ ಅಂತ. ನಡೆಯುವುದೇ ಬೇರೆ. ಮಗುವಿನ ಮೈ ಬಿಸಿಯಾದದ್ದು ಮೊದಲು ಗೊತ್ತಾಗುವುದೇ ಅವಳಿಗೆ. ಆದರೆ ಅದು ಮಲೇರಿಯಾ ಇರಬಹುದು ಎಂದು ಅವಳಿಗೆ ಅನಿಸುವುದಿಲ್ಲ, ಯಾಕೆಂದರೆ ಮಗು ಪುಸ್ತಕದಲ್ಲಿ ಬರೆದ ಹಾಗೆ ಕಾಯಿಲೆ ತೋರಿಸುವುದಿಲ್ಲ.

ದೊಡ್ಡವರಿಗಾದರೆ ಮೊದಲು ಚಳಿ, ನಡುಕ, ಆಮೇಲೆ ಸುಡುವ ಜ್ವರ, ಕೊನೆಗೆ ಬೆವರು. ಮೂರು ಕಂಬಳಿ ಹೊದೆಸಿದರೂ ನಿಲ್ಲದ ಆ ನಡುಕವನ್ನು ಮಂಗಳೂರಿನ ಹಿರಿಯರು ಮರೆತಿಲ್ಲ. ಸಣ್ಣ ಮಗುವಿಗೆ ಹೀಗೆ ಆಗಲೇಬೇಕೆಂದಿಲ್ಲ. ಹಾಲು ಬಿಡ್ತದೆ, ವಾಂತಿ ಮಾಡ್ತದೆ, ಭೇದಿ ಆಗ್ತದೆ, ಕೆಮ್ಮುತ್ತದೆ, ಸುಮ್ಮನೆ ಕಿರಿಕಿರಿ ಮಾಡ್ತದೆ. ಇದನ್ನು ನೋಡಿ ಹಲ್ಲು ಬರುವ ಜ್ವರ ಎಂದೋ, ಶೀತ ಎಂದೋ, ದೃಷ್ಟಿ ತಾಗಿದೆ ಎಂದೋ ಮನೆಯವರು ತೀರ್ಮಾನಿಸುತ್ತಾರೆ. ಫ್ರಿಜ್ಜಿನ ಬಾಗಿಲಿನಲ್ಲಿ ಕಳೆದ ಸಲ ಉಳಿದ ಪ್ಯಾರಸಿಟಮಾಲ್ ಸಿರಪ್ ಇದ್ದೇ ಇರ್ತದೆ. ಅದನ್ನು ಕೊಟ್ಟರೆ ಜ್ವರ ಇಳೀತದೆ. ಇಳಿದದ್ದು ತಾಪ ಮಾತ್ರ, ಪರಾವಲಂಬಿಗೆ ಏನೂ ಆಗಿಲ್ಲ.

ಇದರ ಮೇಲೆ ಇನ್ನೊಂದು ಮೋಸ ಉಂಟು. ವೈವಾಕ್ಸ್ ಜ್ವರ ಹಲವರಲ್ಲಿ ದಿನ ಬಿಟ್ಟು ದಿನ ಏರ್ತದೆ. ಸೋಮವಾರ ರಾತ್ರಿ ಮೈ ಕಾದ ಮಗು ಮಂಗಳವಾರ ಅಂಗಳದಲ್ಲಿ ಆಡ್ತಾ ಇರ್ತದೆ. ‘ನೋಡು, ಗುಣ ಆಯ್ತು, ಸುಮ್ಮನೆ ಡಾಕ್ಟ್ರಿಗೆ ದುಡ್ಡು ಕೊಡುವುದು ತಪ್ಪಿತು’ ಅಂತ ಮನೆಯವರಿಗೆ ಸಮಾಧಾನ. ಬುಧವಾರ ಮತ್ತೆ ಜ್ವರ. ಈಗ ಅದು ಹೊಸ ಜ್ವರ ಎಂದು ಲೆಕ್ಕ, ಮತ್ತೆ ಸಿರಪ್‌ನಿಂದ ಶುರು. ಹೀಗೆ ಎರಡು ಮೂರು ದಿನ ಯಾರ ತಪ್ಪೂ ಕಾಣದ ಹಾಗೆ ಹೋಗಿಬಿಡ್ತದೆ.

ಎರಡನೆಯ ದಿನ: ತೀರ್ಮಾನ ಯಾರದ್ದು?

ಚಿಕಿತ್ಸೆಯ ವಿಳಂಬದ ಬಗ್ಗೆ ಆಫ್ರಿಕಾ, ಏಷ್ಯಾದ ಹಲವು ದೇಶಗಳಲ್ಲಿ ಅಧ್ಯಯನಗಳು ನಡೆದಿವೆ. ಮತ್ತೆ ಮತ್ತೆ ಕಂಡುಬರುವ ಕಾರಣಗಳು ಬಹುತೇಕ ಒಂದೇ ಥರ. ಆಸ್ಪತ್ರೆ ದೂರ, ಕೈಯಲ್ಲಿ ಹಣ ಇಲ್ಲ, ಮನೆಯಲ್ಲೇ ಮದ್ದು, ಜ್ವರ ಗಂಭೀರ ಅಲ್ಲ ಎಂಬ ನಂಬಿಕೆ, ಮತ್ತೆ ತಾಯಿಗೆ ಸ್ವಂತವಾಗಿ ತೀರ್ಮಾನಿಸುವ ಅಧಿಕಾರ ಇಲ್ಲದಿರುವುದು. ಈ ಕೊನೆಯ ಕಾರಣವನ್ನು ನಮ್ಮ ಮನೆಗಳ ಪಕ್ಕದಲ್ಲಿ ಇಟ್ಟು ನೋಡುವುದು ಒಳ್ಳೆಯದು.

ಉಪ್ಪಳದಲ್ಲೋ ಉಳ್ಳಾಲದಲ್ಲೋ ಒಂದು ಮನೆ ಊಹಿಸಿಕೊಳ್ಳಿ. ಗಂಡ ದುಬೈಯಲ್ಲಿ. ಮನೆಯಲ್ಲಿ ಅತ್ತೆ, ಮಾವ, ಎರಡು ಸಣ್ಣ ಮಕ್ಕಳು. ರಾತ್ರಿ ಹತ್ತಕ್ಕೆ ಕಿರಿಯ ಮಗುವಿಗೆ ಜ್ವರ ಏರಿತು. ಅವಳಿಗೆ ಡಾಕ್ಟ್ರ ಹತ್ತಿರ ಹೋಗಬೇಕೆಂದು ಮನಸ್ಸು. ಅತ್ತೆ ಹೇಳ್ತಾರೆ, ‘ನಾವು ಆರು ಮಕ್ಕಳನ್ನು ಸಾಕಿಲ್ವಾ, ಒಂದು ಜ್ವರಕ್ಕೆ ಇಷ್ಟು ಗಾಬರಿಯಾ?’ ಗಂಡನಿಗೆ ವಾಯ್ಸ್ ಮೆಸೇಜ್ ಹೋಗ್ತದೆ. ಅವನು ಡ್ಯೂಟಿಯಲ್ಲಿ. ಬೆಳಿಗ್ಗೆ ಉತ್ತರ ಬರ್ತದೆ: ‘ಇವತ್ತು ನೋಡು, ಕಮ್ಮಿ ಆಗದಿದ್ದರೆ ನಾಳೆ ಮೈದುನನ ಜೊತೆ ಹೋಗು.’ ಮೈದುನನಿಗೆ ಅಂಗಡಿ ಬಿಟ್ಟು ಬರಲಿಕ್ಕೆ ಸಂಜೆಯಾಗಬೇಕು. ದೊಡ್ಡ ಮಗುವನ್ನು ಯಾರ ಹತ್ತಿರ ಬಿಡುವುದು, ರಿಕ್ಷಾಕ್ಕೆ ಹಣ ಯಾರು ಕೊಡುವುದು ಎಂಬುದು ಬೇರೆ. ಇಲ್ಲಿ ಯಾರೂ ಕೆಟ್ಟವರಲ್ಲ. ಎಲ್ಲರಿಗೂ ಮಗುವಿನ ಮೇಲೆ ಪ್ರೀತಿಯೇ. ಆದರೆ ನಾಲ್ಕು ಮಂದಿಯ ಒಪ್ಪಿಗೆ ಸಿಗುವಷ್ಟರಲ್ಲಿ 24 ಗಂಟೆ ಮುಗಿದಿರ್ತದೆ.

ಈ ಮನೆಯಿಂದ ಆರೋಗ್ಯ ಕೇಂದ್ರ ಎರಡು ಕಿಲೋಮೀಟರ್ ಇದ್ದರೂ ತಡವಾಗುವುದು ಹೀಗೆ. ರಸ್ತೆಯಲ್ಲಿ ಹತ್ತು ನಿಮಿಷ, ತೀರ್ಮಾನಕ್ಕೆ ಒಂದು ದಿನ. ಹೆಣ್ಣುಮಕ್ಕಳು ಪಿಯುಸಿ, ಡಿಗ್ರಿ ಕಲಿತಿರುವ ಕಾಲದಲ್ಲೂ ‘ಕೇಳಿ ಹೋಗಬೇಕು’ ಎಂಬ ಪದ್ಧತಿ ಮಗುವಿನ ಜ್ವರದ ವಿಷಯದಲ್ಲೂ ಬೇಕಾ ಎಂಬುದನ್ನು ಸಮುದಾಯ ಯೋಚಿಸಬೇಕು. ಗಲ್ಫಿನಲ್ಲಿರುವ ಗಂಡಸರು ಮನೆಗೆ ಕಳುಹಿಸುವ ಹಣದ ಜೊತೆಗೆ ಒಂದು ಮಾತನ್ನೂ ಕಳುಹಿಸಿದರೆ ಸಾಕು: ಮಗುವಿಗೆ ಜ್ವರ ಬಂದರೆ ನನ್ನ ಫೋನಿಗೆ ಕಾಯಬೇಡ, ಹೊರಡು.

ಮೂರನೆಯ ದಿನ: ಬೇರೆ ಬಾಗಿಲುಗಳು

ಮನೆಯಿಂದ ಹೊರಟ ಮಗು ನೇರವಾಗಿ ರಕ್ತಪರೀಕ್ಷೆಗೆ ಹೋಗ್ತದೆ ಎಂದೂ ಇಲ್ಲ. ಹಲವರಿಗೆ ಮೊದಲ ಬಾಗಿಲು ಮೆಡಿಕಲ್ ಅಂಗಡಿ. ‘ಮಗುವಿಗೆ ಜ್ವರ, ಏನಾದ್ರೂ ಕೊಡಿ’ ಎಂದರೆ ಒಂದು ಸಿರಪ್, ಅದಕ್ಕೆ ಬಗ್ಗದಿದ್ದರೆ ಒಂದು ಆಂಟಿಬಯೋಟಿಕ್. ಕೆಲವೊಮ್ಮೆ ಕ್ಲಿನಿಕ್ಕಿನಲ್ಲೂ ಕ್ಯೂ ದೊಡ್ಡದಿದ್ದರೆ ರಕ್ತಪರೀಕ್ಷೆ ಮೂರು ದಿನಕ್ಕೆ ಮುಂದೆ ಹೋಗ್ತದೆ. ಆಂಟಿಬಯೋಟಿಕ್ ಮುಗಿಯುವವರೆಗೆ ಮನೆಯವರು ಕಾಯ್ತಾರೆ, ಯಾಕೆಂದರೆ ಮದ್ದು ಕೊಟ್ಟಾಗಿದೆಯಲ್ಲ. ಏನೂ ಕೊಡದೆ ಇದ್ದಾಗ ಇರುವ ಭಯ, ತಪ್ಪು ಮದ್ದು ಕೊಟ್ಟಾಗ ಇರುವುದಿಲ್ಲ. ಹಾಗಾಗಿ ತಪ್ಪು ಮದ್ದಿನಿಂದ ಆಗುವ ವಿಳಂಬ ಉದ್ದ ಹೆಚ್ಚು.

ಇನ್ನೊಂದು ಬಾಗಿಲು ಮಂತ್ರಿಸಿದ ನೀರು, ನೂಲು, ತಾಯತ. ಇದನ್ನು ಹೀಯಾಳಿಸಿ ಪ್ರಯೋಜನ ಇಲ್ಲ. ಭಯ ಬಂದಾಗ ಮನುಷ್ಯ ದುಆ ಮಾಡುವುದು ಸಹಜ, ಮತ್ತು ದುಆಕ್ಕೂ ರಕ್ತಪರೀಕ್ಷೆಗೂ ಜಗಳವೇ ಇಲ್ಲ. ಸಮಸ್ಯೆ ಬರುವುದು ಒಂದರ ನಂತರ ಇನ್ನೊಂದು ಎಂದು ಸರದಿ ಇಟ್ಟಾಗ. ತಾಂಜಾನಿಯಾದಲ್ಲಿ ಮಕ್ಕಳಿಗೆ ಬರುವ ಅಪಸ್ಮಾರವನ್ನು ಸ್ವಾಹಿಲಿಯಲ್ಲಿ ‘ಡೆಗೆಡೆಗೆ’ ಎನ್ನುತ್ತಾರೆ. ಅದು ಯಾವುದೋ ಹಕ್ಕಿ ಅಥವಾ ಶಕ್ತಿಯ ಕಾಟ, ಆಸ್ಪತ್ರೆಯ ಕಾಯಿಲೆಯಲ್ಲ ಎಂಬ ನಂಬಿಕೆ ಹಲವು ಕಡೆ ಉಂಟು. ಎಷ್ಟೋ ಸಲ ಅದು ಮೆದುಳಿಗೆ ಏರಿದ ಮಲೇರಿಯಾ ಆಗಿರ್ತದೆ. ಜ್ವರಕ್ಕೆ ಆಸ್ಪತ್ರೆ, ಅಪಸ್ಮಾರಕ್ಕೆ ಮಾಂತ್ರಿಕ ಎಂದು ಮನೆಯವರು ಪಾಲು ಮಾಡಿದಾಗ, ಮಗು ಅತಿ ಅಪಾಯದ ಹೊತ್ತಿನಲ್ಲಿ ಆಸ್ಪತ್ರೆಯಿಂದ ದೂರ ಹೋಗ್ತದೆ. ನಮ್ಮಲ್ಲೂ ಜ್ವರದಲ್ಲಿ ಮಗು ಬಡಬಡಿಸಿದರೆ, ಕಣ್ಣು ಮೇಲೆ ಮಾಡಿದರೆ ‘ಹೆದರಿದೆ’ ಎನ್ನುವವರಿದ್ದಾರೆ. ಅಂಥ ಹೊತ್ತಿನಲ್ಲಿ ‘ಮೊದಲು ಆಸ್ಪತ್ರೆಗೆ ಹೋಗಿ, ದುಆ ನಾನು ಮಾಡ್ತೇನೆ’ ಎಂದು ಉಸ್ತಾದರೊಬ್ಬರು ಹೇಳಿದರೆ ಅದಕ್ಕೆ ಇರುವ ತೂಕ ಹತ್ತು ಬ್ಯಾನರಿಗೂ ಇಲ್ಲ.

ಗೆಲುವೇ ತಂದ ಮರೆವು

ಮಂಗಳೂರಿಗೆ ಮಲೇರಿಯಾ ಹೊಸತಲ್ಲ. 1990ರ ದಶಕದಲ್ಲಿ ನಗರ ಮೇಲೆದ್ದು ಬೆಳೆದಂತೆ ಮಲೇರಿಯಾವೂ ಬೆಳೆಯಿತು. ಕಟ್ಟಡಕ್ಕೆ ಸ್ಲ್ಯಾಬ್ ಹಾಕಿದ ಮೇಲೆ ವಾರಗಟ್ಟಲೆ ನಿಲ್ಲಿಸುವ ನೀರು, ಮುಚ್ಚಳವಿಲ್ಲದ ಟ್ಯಾಂಕಿ, ಬಾವಿ ಎಲ್ಲವೂ ಅನಾಫಿಲಿಸ್ ಸ್ಟೀಫೆನ್ಸಿ ಎಂಬ ನಗರದ ಸೊಳ್ಳೆಗೆ ತೊಟ್ಟಿಲಾಯಿತು. ರಾಜ್ಯದ ಮಲೇರಿಯಾ ಪ್ರಕರಣಗಳಲ್ಲಿ ದೊಡ್ಡ ಪಾಲು ವರ್ಷಗಟ್ಟಲೆ ದಕ್ಷಿಣ ಕನ್ನಡದ್ದೇ ಆಗಿತ್ತು. ಆ ಕಾಲದಲ್ಲಿ ಯಾರಿಗೆ ಜ್ವರ ಬಂದರೂ ಮೊದಲ ಮಾತು ‘ಮಲೇರಿಯಾ ಟೆಸ್ಟ್ ಮಾಡಿಸಿದ್ರಾ?’ ಎಂಬುದೇ.

2015ರ ಅಕ್ಟೋಬರಿನಲ್ಲಿ ಮಂಗಳೂರಿನಲ್ಲಿ ಮಲೇರಿಯಾ ನಿಯಂತ್ರಣಕ್ಕೆಂದೇ ಒಂದು ಸಾಫ್ಟ್‌ವೇರ್ ಶುರುವಾಯಿತು. ಖಾಸಗಿ, ಸರ್ಕಾರಿ ಎಂದಿಲ್ಲದೆ ಲ್ಯಾಬ್‌ಗಳಲ್ಲಿ ಪತ್ತೆಯಾದ ಪ್ರಕರಣ ಕೂಡಲೇ ದಾಖಲಾಗಿ, ಟ್ಯಾಬ್ಲೆಟ್ ಹಿಡಿದ ಆರೋಗ್ಯ ಕಾರ್ಯಕರ್ತರು ರೋಗಿಯ ಮನೆಗೆ ಹೋಗಿ ಸುತ್ತಮುತ್ತ ಪರೀಕ್ಷೆ ಮಾಡುವ ವ್ಯವಸ್ಥೆ ಅದು. ಮುಂದಿನ ವರ್ಷಗಳಲ್ಲಿ ಪ್ರಕರಣಗಳು ದೊಡ್ಡ ಮಟ್ಟದಲ್ಲಿ ಇಳಿದವು. ಇದು ಹೆಮ್ಮೆಪಡಬೇಕಾದ ಕೆಲಸ.

ಆದರೆ ಗೆಲುವು ಮರೆವನ್ನೂ ತರ್ತದೆ. ಈಗ ಮದುವೆಯಾಗಿ ಮಗು ಎತ್ತಿಕೊಂಡಿರುವ ಹೆಣ್ಣುಮಕ್ಕಳಲ್ಲಿ ಹಲವರು ಮನೆಯಲ್ಲಿ ಮಲೇರಿಯಾ ನೋಡಿಯೇ ಇಲ್ಲ. ಜ್ವರ ಬಂದರೆ ‘ವೈರಲ್’ ಎಂಬ ಒಂದೇ ಪದ. ಹೆಚ್ಚೆಂದರೆ ಡೆಂಗಿ ನೆನಪಾಗ್ತದೆ. ಮಂಗಳೂರಿನ ಮಲೇರಿಯಾ ರೋಗಿಗಳಲ್ಲಿ ಹೆಚ್ಚಿನವರು ದುಡಿಯುವ ವಯಸ್ಸಿನ ಗಂಡಸರು, ಹಾಗಾಗಿ ಮಗುವಿನ ಜ್ವರ ಕಂಡಾಗ ಈ ರೋಗ ಯಾರ ತಲೆಗೂ ಹೊಳೆಯುವುದಿಲ್ಲ. ರೋಗ ಕಡಿಮೆಯಾದಷ್ಟು ಅನುಮಾನ ಕಡಿಮೆ, ಅನುಮಾನ ಕಡಿಮೆಯಾದಷ್ಟು ಪರೀಕ್ಷೆ ತಡ. ಕೊನೆಯ ಹಂತದಲ್ಲಿ ಹಲವು ಊರುಗಳು ಎಡವುವುದು ಇಲ್ಲೇ.

ಲೆಕ್ಕಕ್ಕೆ ಸಿಗದ ಮಕ್ಕಳು

ಮನೆ ಇರುವವರ ಕಥೆ ಇದಾದರೆ, ಮನೆ ಕಟ್ಟಲು ಬಂದವರ ಮಕ್ಕಳ ಕಥೆ ಇನ್ನೂ ಕಷ್ಟದ್ದು. ಕಟ್ಟಡದ ಕೆಲಸಕ್ಕೆ ಉತ್ತರ ಕರ್ನಾಟಕದಿಂದ, ಜಾರ್ಖಂಡ್, ಒಡಿಶಾ, ಪಶ್ಚಿಮ ಬಂಗಾಳದಿಂದ ಬಂದ ಕುಟುಂಬಗಳು ಸೈಟಿನ ಶೆಡ್ಡಿನಲ್ಲೇ ಇರ್ತವೆ. ಸೊಳ್ಳೆ ಹುಟ್ಟುವ ನೀರಿನ ಪಕ್ಕದಲ್ಲೇ ಮಗು ಮಲಗುವುದು. ತಾಯಿ ಒಂದು ದಿನ ರಜೆ ಮಾಡಿದರೆ ಆ ದಿನದ ಕೂಲಿ ಇಲ್ಲ. ಆಸ್ಪತ್ರೆಯಲ್ಲಿ ಭಾಷೆ ಬರುವುದಿಲ್ಲ. ಎಲ್ಲಿಗೆ ಹೋಗಬೇಕೆಂದು ಹೇಳುವವರೂ ಇಲ್ಲ. ಅವಳು ಭಾನುವಾರದವರೆಗೆ ಕಾಯುವುದು ಅಸಡ್ಡೆಯಿಂದ ಅಲ್ಲ, ಮಗುವಿನ ಜ್ವರ ಒಂದು ಕಡೆ, ರಾತ್ರಿಯ ಅಕ್ಕಿ ಇನ್ನೊಂದು ಕಡೆ ಇಟ್ಟು ತೂಗಬೇಕಾದ್ದರಿಂದ.

ಈ ಕಟ್ಟಡಗಳ ಮಾಲಕರಲ್ಲಿ, ಕಂಟ್ರಾಕ್ಟರುಗಳಲ್ಲಿ ನಮ್ಮ ಸಮುದಾಯದವರೂ ಬೇಕಾದಷ್ಟು ಮಂದಿ ಇದ್ದಾರೆ. ಜ್ವರ ಬಂದ ಮಗುವಿನ ತಾಯಿಗೆ ಅರ್ಧ ದಿನದ ಕೂಲಿ ಕತ್ತರಿಸದೆ ಬಿಡುವುದು, ಸೈಟಿನ ಸೂಪರ್‌ವೈಸರ್ ಬೈಕಿನಲ್ಲಿ ಅವರನ್ನು ಆರೋಗ್ಯ ಕೇಂದ್ರಕ್ಕೆ ಬಿಡುವುದು ದೊಡ್ಡ ಖರ್ಚಲ್ಲ. ಶೆಡ್ಡಿನ ಒಂದು ಮಗುವಿನ ರಕ್ತದಲ್ಲಿ ಉಳಿದ ಪರಾವಲಂಬಿ ಎದುರಿನ ಫ್ಲ್ಯಾಟಿನ ಮಗುವಿಗೂ ಹೋಗ್ತದೆ. ಸೊಳ್ಳೆಗೆ ಬಾಡಿಗೆದಾರ, ಮಾಲಕ ಎಂಬ ಭೇದ ಇಲ್ಲ.

ಇನ್ನು ಗಡಿಯ ವಿಷಯ. ತಲಪಾಡಿಯಿಂದ ಆಚೆ ಮಂಜೇಶ್ವರ, ಉಪ್ಪಳ, ಕುಂಬಳೆಯವರಿಗೆ ಕೆಲಸ, ಕಾಲೇಜು, ಆಸ್ಪತ್ರೆ ಎಲ್ಲದಕ್ಕೂ ಮಂಗಳೂರೇ ಹತ್ತಿರ. ದಿನಾ ಬಸ್ಸಿನಲ್ಲಿ ಹೋಗಿ ಬರುವವರ ಜೊತೆ ಮಲೇರಿಯಾವೂ ಗಡಿ ದಾಟ್ತದೆ. ಕಾಸರಗೋಡಿನವರಿಗೆ ಮಂಗಳೂರಿನಲ್ಲಿ ಮಲೇರಿಯಾ ಪತ್ತೆಯಾದರೆ ಆ ಮಾಹಿತಿ ಅವರ ಊರಿನ ಆರೋಗ್ಯ ಕಾರ್ಯಕರ್ತೆಗೆ ತಲುಪಲು ಎರಡು ರಾಜ್ಯಗಳ ದಾರಿ ಸುತ್ತಬೇಕು. ಅಷ್ಟರೊಳಗೆ ಅದೇ ಮನೆಯ ಮಗುವಿಗೂ ಜ್ವರ ಬಂದಿರಬಹುದು. 2020ರ ಲಾಕ್‌ಡೌನ್‌ನಲ್ಲಿ ಗಡಿ ರಸ್ತೆಗಳನ್ನು ಮಣ್ಣು ಸುರಿದು ಮುಚ್ಚಿದ್ದು, ಮಂಗಳೂರಿಗೆ ಹೋಗಲಾಗದೆ ಕಾಸರಗೋಡಿನ ರೋಗಿಗಳು ಪ್ರಾಣ ಕಳೆದುಕೊಂಡದ್ದು, ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋದದ್ದು ಗಡಿನಾಡಿನವರು ಮರೆಯುವಂಥದ್ದಲ್ಲ. ಅದು ಎಲ್ಲರಿಗೂ ಕಂಡ ಗೋಡೆ. ಮಾಹಿತಿ ದಾಟದಿರುವುದು ಕಾಣದ ಗೋಡೆ. ಗಡಿನಾಡಿನ ಮನೆಯವರು ಒಂದು ಕೆಲಸ ಮಾಡಬಹುದು. ಮಂಗಳೂರಿನಲ್ಲಿ ಯಾರಿಗಾದರೂ ಮಲೇರಿಯಾ ಎಂದು ಗೊತ್ತಾದ ದಿನವೇ ತಮ್ಮ ವಾರ್ಡಿನ ಆಶಾ ಕಾರ್ಯಕರ್ತೆಗೆ ಹೇಳುವುದು. ಸರ್ಕಾರಗಳ ಕಾಗದ ಬರುವವರೆಗೆ ಕಾಯಬೇಕಾಗಿಲ್ಲ.

ತಾಯಿಯ ಕೈಗೆ ಕೊಟ್ಟಾಗ ಆದದ್ದು

ತಡವಾಗುವುದಕ್ಕೆ ತಾಯಿಯ ಅಜ್ಞಾನವೇ ಕಾರಣ ಎನ್ನುವವರು ಇಥಿಯೋಪಿಯಾದ ಟಿಗ್ರೆಯಲ್ಲಿ ನಡೆದ ಪ್ರಯೋಗವನ್ನು ನೋಡಬೇಕು. 2000ದಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಕೆಲವು ಹಳ್ಳಿಗಳ ತಾಯಂದಿರಿಗೆ ಮಗುವಿನ ಮಲೇರಿಯಾ ಗುರುತಿಸಿ ಕೂಡಲೇ ಮದ್ದು ಕೊಡಲು ತರಬೇತಿ ಕೊಟ್ಟರು. ಕಲಿಸಿದವರೂ ಅದೇ ಹಳ್ಳಿಯ ತಾಯಂದಿರೇ. ಆ ಹಳ್ಳಿಗಳಲ್ಲಿ ಐದು ವರ್ಷದೊಳಗಿನ ಮಕ್ಕಳ ಸಾವು ಶೇ. 40ರಷ್ಟು ಕಡಿಮೆಯಾಯಿತು. ಓದು ಬರಹ ಕಡಿಮೆ, ಆಸ್ಪತ್ರೆ ದೂರ ಇರುವ ಊರಿನಲ್ಲಿ ಆದ ಬದಲಾವಣೆ ಇದು. ತಾಯಂದಿರು ಅವರೇ, ಬದಲಾದದ್ದು ಅವರ ಕೈಯಲ್ಲಿದ್ದ ಮದ್ದು ಮತ್ತು ಅಧಿಕಾರ.

ನಮ್ಮ ದೇಶದ ಉದಾಹರಣೆ ಬೇಕಾದರೆ ಒಡಿಶಾ ಉಂಟು. ಅಲ್ಲಿ 2017ರಲ್ಲಿ ದುರ್ಗಮ ಹಳ್ಳಿಗಳಿಗೆಂದು ‘ದಮನ್’ ಎಂಬ ಯೋಜನೆ ಶುರು ಮಾಡಿ, ಜ್ವರ ಇದ್ದವರಿಗೂ ಇಲ್ಲದವರಿಗೂ ಶಿಬಿರದಲ್ಲಿ ಪರೀಕ್ಷೆ ಮಾಡಿದರು. ಆಶಾ ಕಾರ್ಯಕರ್ತೆಯರ ಕೈಯಲ್ಲೇ ಪರೀಕ್ಷೆಯ ಕಿಟ್, ಮಾತ್ರೆ. ಆ ವರ್ಷ ಸುಮಾರು 3.5 ಲಕ್ಷ ಇದ್ದ ರಾಜ್ಯದ ಪ್ರಕರಣಗಳು ಮರುವರ್ಷ 66 ಸಾವಿರದ ಆಸುಪಾಸಿಗೆ ಬಂದವು. ಜಾಂಬಿಯಾದ ಸೆರೆಂಜೆ ಜಿಲ್ಲೆಯಲ್ಲಿ ಹಳ್ಳಿಯವರೇ ನಡೆಸುವ ಸೈಕಲ್ ಆಂಬುಲೆನ್ಸ್, ಆಸ್ಪತ್ರೆಗೆ ಹೊರಡುವ ಮೊದಲೇ ಮಗುವಿಗೆ ಗುದದ್ವಾರದಲ್ಲಿ ಇಡುವ ಆರ್ಟಿಸುನೇಟ್ ಮದ್ದು, ಇವೆರಡು ಸೇರಿ ಗಂಭೀರ ಮಲೇರಿಯಾದ ಮಕ್ಕಳನ್ನು ಉಳಿಸಿದವು. ಮೂರೂ ಕಡೆ ದೊಡ್ಡ ಆಸ್ಪತ್ರೆ ಕಟ್ಟಲಿಲ್ಲ. ಕಾಯುವ ಗಂಟೆಗಳನ್ನು ಕಡಿಮೆ ಮಾಡಿದರು, ಅಷ್ಟೆ.

‘ಈಗ ಲಸಿಕೆ ಬಂದಿದೆಯಲ್ಲ’ ಎಂದು ಕೇಳುವವರಿದ್ದಾರೆ. ಹೌದು, ಮಲೇರಿಯಾಕ್ಕೆ ಎರಡು ಲಸಿಕೆಗಳನ್ನು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದೆ, 2021ರಲ್ಲಿ ಒಂದು, 2023ರಲ್ಲಿ ಇನ್ನೊಂದು. ಎರಡನೆಯದನ್ನು ತಯಾರಿಸುವುದು ಪುಣೆಯಲ್ಲೇ. ಆದರೆ ಅವು ಫಾಲ್ಸಿಪಾರಂ ಜಾತಿಗೆ, ಮುಖ್ಯವಾಗಿ ಆಫ್ರಿಕಾದ ಮಕ್ಕಳಿಗೆ. ನಮ್ಮ ಕರಾವಳಿಯ ವೈವಾಕ್ಸಿಗೆ ಲಸಿಕೆ ಇಲ್ಲ. ಇಲ್ಲಿ ರಕ್ತದ ಒಂದು ಹನಿಯೇ ಆಧಾರ.

ಮನೆಯಲ್ಲಿ, ಊರಿನಲ್ಲಿ ಮಾಡಬೇಕಾದದ್ದು

ಟಿಗ್ರೆಯ ಹಾಗೆ ಇಲ್ಲಿ ಮನೆಯಲ್ಲೇ ಮಲೇರಿಯಾ ಮಾತ್ರೆ ಕೊಡುವ ಅಗತ್ಯ ಇಲ್ಲ, ಕೊಡಲೂಬಾರದು. ಯಾವ ಜಾತಿ ಎಂದು ತಿಳಿಯದೆ, ಮಗುವಿನ ತೂಕ ನೋಡದೆ ಕೊಟ್ಟ ಮದ್ದು ಅಪಾಯ. ಇಲ್ಲಿ ಬೇಕಾದದ್ದು ಪರೀಕ್ಷೆಗೆ ಬೇಗ ಹೋಗುವುದು.

ಮಳೆಗಾಲದಲ್ಲಿ ಐದು ವರ್ಷದೊಳಗಿನ ಮಗುವಿಗೆ ಜ್ವರ ಬಂದರೆ ಅದೇ ದಿನ, ತಡವೆಂದರೆ ಮರುದಿನ ಬೆಳಿಗ್ಗೆ, ರಕ್ತಪರೀಕ್ಷೆ ಆಗಬೇಕು. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಮಲೇರಿಯಾ ಪರೀಕ್ಷೆಯೂ ಮದ್ದೂ ಉಚಿತ. ಕಿಟ್ ಪರೀಕ್ಷೆಯ ಫಲಿತಾಂಶ 15ರಿಂದ 20 ನಿಮಿಷದಲ್ಲಿ ಸಿಗ್ತದೆ. ಜ್ವರಕ್ಕೆ ಸಿರಪ್ ಕೊಡುವುದು ತಪ್ಪಲ್ಲ, ಸಿರಪ್ ಕೊಟ್ಟು ಪರೀಕ್ಷೆ ಬಿಡುವುದು ತಪ್ಪು. ಡಾಕ್ಟ್ರು ಮಲೇರಿಯಾ ಟೆಸ್ಟ್ ಬರೆಯದಿದ್ದರೆ ‘ಅದೂ ಒಂದು ಮಾಡಿಸುವುದಾ?’ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಮೊದಲ ಪರೀಕ್ಷೆಯಲ್ಲಿ ಇಲ್ಲ ಎಂದು ಬಂದು ಜ್ವರ ಮುಂದುವರಿದರೆ ಮರುದಿನ ಮತ್ತೊಮ್ಮೆ ಮಾಡಿಸಬೇಕು.

ಮಗು ಹಾಲು, ನೀರು ಕುಡಿಯದಿದ್ದರೆ, ಎಲ್ಲವನ್ನೂ ವಾಂತಿ ಮಾಡಿದರೆ, ಅಪಸ್ಮಾರ ಬಂದರೆ, ಎಬ್ಬಿಸಿದರೂ ಏಳದೆ ಮಂಪರಿನಲ್ಲಿದ್ದರೆ, ಉಸಿರು ಜೋರಾಗಿ ಎಳೆದರೆ, ಮೈ ಬಿಳಿಚಿದರೆ, ಮೂತ್ರ ಕಡಿಮೆಯಾದರೆ ಯಾರ ಒಪ್ಪಿಗೆಗೂ ಕಾಯದೆ ಆಸ್ಪತ್ರೆಗೆ ಓಡಬೇಕು. ರಾತ್ರಿ ಎರಡು ಗಂಟೆಯಾದರೂ ಸರಿ.

ಮಲೇರಿಯಾ ಎಂದು ಗೊತ್ತಾದ ಮೇಲೂ ಒಂದು ವಿಳಂಬ ಉಂಟು, ಅದು ಅರ್ಧಕ್ಕೆ ಬಿಡುವುದು. ವೈವಾಕ್ಸಿಗೆ ಮೂರು ದಿನ ಕ್ಲೋರೋಕ್ವಿನ್, ಆಮೇಲೂ ಮುಂದುವರಿಯುವ 14 ದಿನಗಳ ಪ್ರಿಮಾಕ್ವಿನ್ ಎಂಬುದು ದೇಶದಲ್ಲಿ ನಡೆದುಬಂದ ಕ್ರಮ. ಮೂರನೇ ದಿನ ಮಗು ಆಡಲು ಶುರು ಮಾಡ್ತದೆ, ಮಾತ್ರೆ ಕಪಾಟು ಸೇರ್ತದೆ. ಯಕೃತ್ತಿನಲ್ಲಿ ಅಡಗಿದ್ದು ಮತ್ತೆ ಏಳುವುದು ಹೀಗೆ. ಒಂದು ವರ್ಷದೊಳಗಿನ ಕೂಸಿಗೆ, ಬಸುರಿಯರಿಗೆ, ಜಿ6ಪಿಡಿ ಕೊರತೆ ಇರುವವರಿಗೆ ಪ್ರಿಮಾಕ್ವಿನ್ ಕೊಡುವಂತಿಲ್ಲ. ಹಾಗಾಗಿ ಅಣ್ಣನ ಉಳಿದ ಮಾತ್ರೆ ತಮ್ಮನಿಗೆ ಎಂಬ ಲೆಕ್ಕ ಬೇಡ.

ಜಮಾಅತ್‌ಗಳಿಗೂ ಯುವಕರ ಸಂಘಟನೆಗಳಿಗೂ ಇಲ್ಲಿ ಕೆಲಸ ಉಂಟು. ಕೋವಿಡ್ ಕಾಲದಲ್ಲಿ ರಾತ್ರೋರಾತ್ರಿ ಆಂಬುಲೆನ್ಸ್, ಆಕ್ಸಿಜನ್, ರಕ್ತ ಒದಗಿಸಿದ ಹುಡುಗರು ಇವತ್ತೂ ಇದ್ದಾರೆ. ಮಳೆಗಾಲದ ನಾಲ್ಕು ತಿಂಗಳು ಪ್ರತಿ ಮೊಹಲ್ಲಾದಲ್ಲಿ ಒಂದು ಫೋನ್ ನಂಬರ್, ರಾತ್ರಿ ಒಬ್ಬಂಟಿ ಉಮ್ಮ ಕರೆದರೆ ಬರುವ ಒಂದು ರಿಕ್ಷಾ, ಅದರ ಬಾಡಿಗೆಗೆ ಜಮಾಅತ್ ಫಂಡಿನಿಂದ ಒಂದು ಸಣ್ಣ ಮೊತ್ತ ಇಟ್ಟರೆ ಸಾಕು. ಜುಮಾ ದಿನ ಖತೀಬರು ಎರಡು ನಿಮಿಷ ಹೇಳಬಹುದು. ಮದರಸದಲ್ಲಿ ಮಕ್ಕಳಿಗೆ ಹೇಳಿದರೆ ಅದು ಸಂಜೆಗೆ ಅಜ್ಜಿಯ ಕಿವಿಗೆ ತಲುಪ್ತದೆ. ಮೆಡಿಕಲ್ ಅಂಗಡಿಯವರು ಜ್ವರದ ಸಿರಪ್ ಕೊಡುವಾಗ ‘ರಕ್ತಪರೀಕ್ಷೆ ಆಯ್ತಾ?’ ಎಂದು ಒಂದು ಮಾತು ಕೇಳಿದರೆ ಅವರ ವ್ಯಾಪಾರಕ್ಕೇನೂ ನಷ್ಟ ಇಲ್ಲ.

ಕಾಯುವುದರಿಂದ ಉಳಿಯುವ ಹಣ ಎಷ್ಟು ಎಂದು ಲೆಕ್ಕ ಹಾಕಿದರೆ ಒಂದು ರಿಕ್ಷಾ ಬಾಡಿಗೆ, ಅರ್ಧ ದಿನದ ಕೂಲಿ. ಕಾದದ್ದಕ್ಕೆ ಕೊಡಬೇಕಾದದ್ದು ಐಸಿಯು ಬಿಲ್ಲು, ಸಾಲ, ಕೆಲವೊಮ್ಮೆ ಯಾವ ಲೆಕ್ಕದಲ್ಲೂ ಬರೆಯಲಾಗದ ನಷ್ಟ. 2027ರ ಗುರಿ ದಿಲ್ಲಿಯ ಕಡತದಲ್ಲಿ ಇರಬಹುದು. ಅದು ಮುಟ್ಟುವುದೋ ಇಲ್ಲವೋ ಎಂಬುದು ಮಾತ್ರ, ಈ ಮಳೆಗಾಲದ ಒಂದು ರಾತ್ರಿ ಮಗುವಿನ ಹಣೆ ಮುಟ್ಟಿ ನೋಡಿದ ಉಮ್ಮ ‘ಈಗಲೇ ಹೋಗುವ’ ಎಂದಾಗ ಮನೆಯಲ್ಲಿ ಉಳಿದವರು ಏನು ಹೇಳ್ತಾರೆ ಎಂಬುದರ ಮೇಲೆ ನಿಂತಿದೆ.